ನಿಂತುಹೋದ ಬೈಕ್: ಕಿಕ್ ಹೊಡೆಯುವ ಮೊದಲು ಮಾಡಬೇಕಾದ ಕೆಲಸಗಳು

ಎರಡು ಮೂರು ವರ್ಷ ಮೂಲೆಯಲ್ಲಿ ನಿಂತಿದ್ದ ಬೈಕಿನ ಹೊದಿಕೆ ತೆಗೆದ ಕೂಡಲೇ ಕಾಲು ತಾನಾಗಿ ಕಿಕ್ಕರಿನ ಮೇಲೆ ಹೋಗುತ್ತದೆ. ಅಲ್ಲಿಯವರೆಗೆ ಕೆಡದೇ ಉಳಿದಿದ್ದ ಎಂಜಿನ್ ಕೆಡುವುದು ಆ ಗಳಿಗೆಯಲ್ಲೇ. ಸಿಲಿಂಡರಿನ ಗೋಡೆಗೆ ಅಂಟಿದ್ದ ಎಣ್ಣೆ ಅಷ್ಟು ಹೊತ್ತಿಗೆ ಪೂರ್ತಿ ಕೆಳಗಿಳಿದಿರುತ್ತದೆ, ಪಿಸ್ಟನ್ ರಿಂಗುಗಳ ಅಂಚಿಗೆ ತುಕ್ಕು ಕೂತಿರುತ್ತದೆ. ಒಣಗಿದ ಸಿಲಿಂಡರಿನಲ್ಲಿ ಆ ರಿಂಗು ಓಡಿದರೆ ಗೋಡೆಗೆ ಉದ್ದುದ್ದ ಗೀರು ಬೀಳುತ್ತದೆ. ಆಮೇಲೆ ಗಾಡಿ ಶುರುವಾದರೂ ಎಣ್ಣೆ ಸುಡುತ್ತಾ ನೀಲಿ ಹೊಗೆ ಬಿಡುತ್ತದೆ. ಟ್ಯಾಂಕಿನ ತಳದ ತುಕ್ಕಿನ ಪುಡಿ, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿಗೆ ಇಳಿಯುವುದು ಬೇರೆ. ಅದಕ್ಕೇ ಕೆಳಗಿನ ಕ್ರಮದಲ್ಲಿ ಸ್ಟಾರ್ಟ್ ಮಾಡುವ ಕೆಲಸ ಕೊನೆಯ ಕಡೆಗೆ ಹೋಗಿದೆ.

ಇಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿರುವುದು 100ರಿಂದ 200 ಸಿಸಿಯ, ಒಂದೇ ಸಿಲಿಂಡರಿನ, ಗಾಳಿಯಿಂದ ತಣ್ಣಗಾಗುವ, ಕಾರ್ಬೊರೇಟರ್ ಇರುವ ಫೋರ್ ಸ್ಟ್ರೋಕ್ ಬೈಕ್. ಫ್ಯೂಯೆಲ್ ಇಂಜೆಕ್ಷನ್ ಗಾಡಿಗೂ ಎಂಜಿನ್, ಟ್ಯಾಂಕ್, ಬ್ಯಾಟರಿ, ಬ್ರೇಕಿನ ಕೆಲಸ ಇದೇ. ಕಾರ್ಬೊರೇಟರಿನ ಬದಲು ಟ್ಯಾಂಕಿನೊಳಗಿನ ಪಂಪನ್ನೂ ಅದರ ಜಾಲರಿಯನ್ನೂ ನೋಡಬೇಕು. ಕೀ ಆನ್ ಮಾಡಿದಾಗ ಎರಡು ಮೂರು ಸೆಕೆಂಡು ಪಂಪಿನ ಗುಂಯ್ ಸದ್ದು ಕೇಳದಿದ್ದರೆ ಮೊದಲು ಫ್ಯೂಸ್, ಆಮೇಲೆ ಪಂಪ್.

ಕೈಗೆ ಬೇಕಾದ ಸಾಮಾನು

8, 10, 12, 14, 17 ಮಿ.ಮೀ. ಸಾಕೆಟ್ ಮತ್ತು ಸ್ಪ್ಯಾನರುಗಳು, ಪ್ಲಗ್ ಬಿಚ್ಚುವ ಸ್ಪ್ಯಾನರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಮಲ್ಟಿಮೀಟರ್, ಸಿರಿಂಜ್, ಕಾರ್ಬ್ ಕ್ಲೀನರ್ ಸ್ಪ್ರೇ, ಎಣ್ಣೆ ಹಿಡಿಯಲು ಅಗಲವಾದ ಟ್ರೇ, ಬಿಚ್ಚಿದ ಸ್ಕ್ರೂಗಳಿಗೆ ಸಣ್ಣ ಡಬ್ಬಿಗಳು. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಯಾವ ಪೈಪು ಎಲ್ಲಿಂದ ಬಂತೆಂಬುದು ನಾಳೆ ಬೆಳಿಗ್ಗೆಗೆ ನೆನಪಿರುವುದಿಲ್ಲ.

ಸ್ಕ್ರೂಡ್ರೈವರಿನ ವಿಷಯದಲ್ಲಿ ಜಿಪುಣತನ ಬೇಡ. ಜಪಾನಿ ಮೂಲದ ಕಾರ್ಬೊರೇಟರುಗಳ ಪ್ಲಸ್ ಸ್ಕ್ರೂಗಳು ನೋಡಲು ಫಿಲಿಪ್ಸ್ ಥರವೇ ಇದ್ದರೂ ಅವು ಜೆಐಎಸ್ (ಜಪಾನಿನ ಮಾನಕ) ಅಳತೆಯವು. ಎಷ್ಟೋ ಸಲ ತಲೆಯ ಮೇಲೆ ಒಂದು ಪುಟ್ಟ ಚುಕ್ಕೆ ಇರುತ್ತದೆ. ಫಿಲಿಪ್ಸ್ ಡ್ರೈವರ್ ಅದರಲ್ಲಿ ತಳ ಮುಟ್ಟಿ ಕೂರುವುದಿಲ್ಲ, ಜೋರು ಹಾಕಿದರೆ ಮೇಲೆದ್ದು ಸ್ಕ್ರೂವಿನ ತಲೆಯನ್ನು ತಿಂದುಹಾಕುತ್ತದೆ. ಬಿಗಿಯಾಗಿ ಕೂತ ಸ್ಕ್ರೂಗೆ ಡ್ರೈವರ್ ಇಟ್ಟು ಹಿಡಿಯ ಮೇಲೆ ಸುತ್ತಿಗೆಯಿಂದ ಒಂದೆರಡು ಪೆಟ್ಟು ಕೊಟ್ಟು ಆಮೇಲೆ ತಿರುಗಿಸಿ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ದೂರದವರೆಗೂ ಹೋಗುತ್ತದೆ. ಒಲೆ, ಗ್ಯಾಸ್ ಗೀಸರ್, ಊದುಬತ್ತಿ ಯಾವುದೂ ಹತ್ತಿರ ಇರಬಾರದು. ಕೆಲಸ ಬಯಲಲ್ಲಿ ಅಥವಾ ಬಾಗಿಲು ಪೂರ್ತಿ ತೆರೆದ ಕಡೆ ನಡೆಯಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ.

ಮೊದಲ ಸುತ್ತು: ಕಣ್ಣಿನ ಕೆಲಸ

ಸೀಟು ತೆಗೆದು ಏರ್ ಫಿಲ್ಟರ್ ಡಬ್ಬಿ ಬಿಚ್ಚಿ. ನಿಂತ ಗಾಡಿಯಲ್ಲಿ ಇಲಿ ಗೂಡು ಕಟ್ಟುವುದು ಅಲ್ಲಿಯೇ. ಸೈಲೆನ್ಸರಿನ ಬಾಯಿಗೆ ಟಾರ್ಚ್ ಹಾಕಿ ನೋಡಿ. ವೈರುಗಳನ್ನು ಕಡಿದಿದೆಯೇ ಎಂದು ಬೆರಳಾಡಿಸಿ. ಸ್ಪಂಜಿನ ಏರ್ ಫಿಲ್ಟರ್ ಮುಟ್ಟಿದರೆ ಪುಡಿಯಾಗುತ್ತಿದ್ದರೆ ತೊಳೆಯಲು ಹೋಗಬೇಡಿ, ಬಿಸಾಡಿ. ಆ ಪುಡಿ ನೇರವಾಗಿ ಎಂಜಿನ್ನಿಗೇ ಹೋಗುತ್ತದೆ.

ಎಂಜಿನ್ ಆಯಿಲಿನ ಅಳತೆ ಕಡ್ಡಿ ತೆಗೆದು ಬಣ್ಣ ನೋಡಿ. ಕಪ್ಪಗಿದ್ದರೆ ಹಳೆಯದು, ಅಷ್ಟೇ. ಹಾಲು ಹಾಕಿದ ಕಾಫಿಯ ಬಣ್ಣಕ್ಕಿದ್ದರೆ ನೀರು ಸೇರಿದೆ. ಪೆಟ್ರೋಲಿನ ವಾಸನೆ ಬಂದು ಅಳತೆಯೂ ಹೆಚ್ಚಿದ್ದರೆ ಕಾರ್ಬೊರೇಟರ್ ಓವರ್‌ಫ್ಲೋ ಆಗಿ ಪೆಟ್ರೋಲ್ ಒಳಗಿಳಿದಿದೆ, ಕಾರ್ಬೊರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ಕೆಟ್ಟಿದೆ ಎಂದು ಈಗಲೇ ಬರೆದಿಟ್ಟುಕೊಳ್ಳಿ.

ಎಂಜಿನ್ ಕೈಗೆ ತಿರುಗಬೇಕು

ಪ್ಲಗ್ಗಿನ ಸುತ್ತ ಕೂತ ಮಣ್ಣನ್ನು ಬ್ರಷ್ಷಿನಿಂದ ಬಿಡಿಸಿ, ಊದಿ ತೆಗೆದ ಮೇಲೆಯೇ ಪ್ಲಗ್ ಬಿಚ್ಚಿ. ಇಲ್ಲದಿದ್ದರೆ ಅಷ್ಟೂ ಮರಳು ಸಿಲಿಂಡರಿಗೆ ಬೀಳುತ್ತದೆ. ಪ್ಲಗ್ ತೂತಿನಿಂದ ಸಿರಿಂಜಿನಲ್ಲಿ 5ರಿಂದ 10 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ.

ಮರುದಿನ ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಮುಂದಕ್ಕೆ ನಿಧಾನ ತಿರುಗಿಸಿ. ಪ್ಲಗ್ ಇಲ್ಲದ್ದರಿಂದ ಕಂಪ್ರೆಷನ್ ತಡೆಯುವುದಿಲ್ಲ, ಸುಲಭವಾಗಿ ತಿರುಗಬೇಕು. ತೂತಿನ ಮೇಲೆ ಬಟ್ಟೆ ಇಡಿ, ಉಳಿದ ಎಣ್ಣೆ ಮೇಲಕ್ಕೆ ಚಿಮ್ಮುತ್ತದೆ.

ಅಲ್ಲಾಡದಿದ್ದರೆ ಪಿಸ್ಟನ್ ಹಿಡಿದುಕೊಂಡಿದೆ. ಆಟೊಮ್ಯಾಟಿಕ್ ಗೇರಿನ ಕಾರಿಗೆ ಹಾಕುವ ಗೇರ್ ಆಯಿಲನ್ನೂ (ಎಟಿಎಫ್) ಅಸಿಟೋನನ್ನೂ ಸಮಪಾಲು ಬೆರೆಸಿ ಹತ್ತು ಮಿ.ಲೀ. ಬಿಟ್ಟು ಮೂರು ನಾಲ್ಕು ದಿನ ನೆನೆಯಲು ಬಿಡಿ. ದಿನಕ್ಕೊಮ್ಮೆ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ. ಕೂದಲೆಳೆಯಷ್ಟು ಸರಿದರೂ ಸಾಕು, ಮಿಕ್ಕಿದ್ದು ಬಿಡುತ್ತದೆ. ಕಿಕ್ಕರಿಗೆ ಪೈಪು ಸಿಕ್ಕಿಸಿ ತುಳಿಯುವವರಿದ್ದಾರೆ. ಹಾಗೆ ಮಾಡಿದರೆ ಪಿಸ್ಟನ್ ಬಿಡುವ ಮೊದಲು ಕಿಕ್ ಶಾಫ್ಟಿನ ಹಲ್ಲು ಮುರಿಯುತ್ತದೆ, ಆಗ ಎಂಜಿನ್ನಿನ ಪಕ್ಕದ ಕವರು ಬಿಚ್ಚುವ ಕೆಲಸ ಬೇರೆ ಸೇರಿಕೊಳ್ಳುತ್ತದೆ. ವಾರ ಕಳೆದರೂ ಜಗ್ಗದಿದ್ದರೆ ಹೆಡ್ಡು, ಬ್ಲಾಕು ಇಳಿಸದೆ ಬೇರೆ ದಾರಿಯಿಲ್ಲ.

ತಿರುಗಿತೆಂದಾದರೆ ಹಳೆಯ ಆಯಿಲ್ ಬಸಿಯಿರಿ. ಹಾಕಬೇಕಾದ ಪ್ರಮಾಣ ಈ ಅಳತೆಯ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಒಂದು ಲೀಟರಿನ ಆಸುಪಾಸು, ನಿಖರವಾದದ್ದು ಮ್ಯಾನ್ಯುಯಲ್‌ನಲ್ಲಿರುತ್ತದೆ. ಡಬ್ಬಿಯ ಮೇಲೆ ಬೈಕ್ ಆಯಿಲಿನ ಜಪಾನಿ ದರ್ಜೆ ಗುರುತಾದ ಜಾಸೊ ಎಂಎ ಅಥವಾ ಎಂಎ2 ಎಂದಿರುವ ಆಯಿಲನ್ನೇ ತನ್ನಿ. ಬೈಕಿನ ಕ್ಲಚ್ ಪ್ಲೇಟುಗಳು ಇದೇ ಆಯಿಲಿನಲ್ಲಿ ಮುಳುಗಿರುತ್ತವೆ. ಘರ್ಷಣೆ ತಗ್ಗಿಸುವ ಅಂಶ ಸೇರಿಸಿದ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಲು ಶುರುವಾಗುತ್ತದೆ. ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಮೊದಲ ಮೂರು ನಾಲ್ಕು ಸುತ್ತು ಬರಿ ಬೆರಳಿನಿಂದಲೇ ಕೂರಿಸಿ. ಎಂಜಿನ್ನಿನ ಅಲ್ಯೂಮಿನಿಯಂ ಥ್ರೆಡ್ ಒಮ್ಮೆ ಹೋದರೆ ಹೋಯಿತು. ಈ ಆಯಿಲ್ ಒಳಗಿನ ಕೊಳೆಯನ್ನು ತೊಳೆಯುವುದಕ್ಕಷ್ಟೇ. ಗಾಡಿ ಓಡಲು ಶುರುವಾಗಿ ಇನ್ನೂರು ಕಿ.ಮೀ. ಆದಮೇಲೆ ಇನ್ನೊಮ್ಮೆ ಬದಲಿಸಿ.

ಟ್ಯಾಂಕು

ಮುಚ್ಚಳ ತೆಗೆದು ಮೂಸಿ. ತಾಜಾ ಪೆಟ್ರೋಲಿನ ಚುರುಕು ವಾಸನೆಯ ಬದಲು ವಾರ್ನಿಷಿನ ಹುಳಿ ವಾಸನೆ ಬಂದರೆ ಬೇಗ ಹೊತ್ತಿಕೊಳ್ಳುವ ಹಗುರ ಭಾಗವೆಲ್ಲ ಆರಿಹೋಗಿದೆ. ಎಥನಾಲ್ ಬೆರೆತ ಪೆಟ್ರೋಲಾದರೆ ಗಾಳಿಯ ತೇವವನ್ನೂ ಹೀರಿರುತ್ತದೆ. ನೀರು ಮಿತಿ ಮೀರಿದಾಗ ಎಥನಾಲನ್ನು ಜೊತೆಗೆ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ, ಟ್ಯಾಂಕು ತುಕ್ಕು ಹಿಡಿಯುವುದು ಅಲ್ಲಿಂದಲೇ. ಈ ಪೆಟ್ರೋಲಿಗೆ ಹೊಸದನ್ನು ಬೆರೆಸಿ ಉಳಿಸಿಕೊಳ್ಳುವ ಆಸೆ ಬೇಡ.

ಪೂರ್ತಿ ಬಸಿದು ಟಾರ್ಚ್ ಹಾಕಿ. ತೆಳುವಾದ ಕಂದು ಬಣ್ಣ ಮಾತ್ರ ಇದ್ದರೆ ಹೊಸ ಪೆಟ್ರೋಲಿನಲ್ಲಿ ಎರಡು ಸಲ ಕುಲುಕಿ ಚೆಲ್ಲಿದರೆ ಸಾಕು. ತುಕ್ಕು ಚಕ್ಕೆಯೇಳುತ್ತಿದ್ದರೆ ಪೆಟ್ರೋಲ್ ಕಾಕನ್ನೂ ಗೇಜಿನ ಫ್ಲೋಟನ್ನೂ ಬಿಚ್ಚಿ, ತೂತುಗಳಿಗೆ ರಬ್ಬರ್ ಬಿರಡೆ ಹಾಕಿ. ಎರಡು ಹಿಡಿ ಸಣ್ಣ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ ಕುಲುಕಿ, ಎಣಿಸಿಯೇ ಹೊರಗೆ ತೆಗೆಯಿರಿ. ಆಮೇಲೆ ಬಿಳಿ ವಿನೆಗರನ್ನು ಕುತ್ತಿಗೆಯವರೆಗೂ ತುಂಬಿ. ಅರ್ಧ ತುಂಬಿಸಿದರೆ ದ್ರವ ಮತ್ತು ಗಾಳಿ ಸೇರುವ ಗೆರೆಯಲ್ಲಿ ಹೊಸದಾಗಿ ತುಕ್ಕು ಹಿಡಿಯುತ್ತದೆ. ಒಂದು ದಿನದಲ್ಲಿ ಬಹುಪಾಲು ಬಿಡುತ್ತದೆ, ಹಟಮಾರಿ ತುಕ್ಕಿಗೆ ಎರಡು ದಿನ ಬೇಕು. ಚೆಲ್ಲಿ, ನೀರಿನಲ್ಲಿ ತೊಳೆದು, ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಕರಗಿಸಿದ ನೀರು ತುಂಬಿ ಹುಳಿ ಇಳಿಸಿ, ಮತ್ತೆ ನೀರಿನಲ್ಲಿ ತೊಳೆಯಿರಿ.

ಇಲ್ಲಿಂದ ಮುಂದೆ ಕೈ ಚುರುಕಾಗಿರಬೇಕು. ತೊಳೆದ ಬರಿ ಕಬ್ಬಿಣಕ್ಕೆ ಕೆಲವೇ ನಿಮಿಷಗಳಲ್ಲಿ ಕಿತ್ತಳೆ ಬಣ್ಣದ ತುಕ್ಕು ಕೂರುತ್ತದೆ. ನೀರು ಬಸಿದು, ಬಿಸಿಲಿನಲ್ಲಿ ಬೋರಲಿಟ್ಟು, ಗಾಳಿ ಊದಿ ಒಣಗಿಸಿದ ಕೂಡಲೇ ಟೂ ಸ್ಟ್ರೋಕ್ ಆಯಿಲ್ ಬೆರೆಸಿದ ಒಂದು ಲೋಟ ಪೆಟ್ರೋಲ್ ಹಾಕಿ ಎಲ್ಲ ಮೂಲೆಗೂ ಸೋಕುವಂತೆ ಹೊರಳಿಸಿ. ಕಕ್ಕಸು ತೊಳೆಯುವ ಆಸಿಡ್ ಹಾಕುವ ಸಲಹೆ ಬಹಳ ಕಡೆ ಸಿಗುತ್ತದೆ, ಬೇಡ. ಅದು ತುಕ್ಕಿನ ಜೊತೆ ತಗಡನ್ನೂ ತಿಂದು ಸೂಜಿಮೊನೆಯಷ್ಟು ತೂತು ಮಾಡುತ್ತದೆ, ಹೊರಗೆ ಹರಿದರೆ ಪೇಂಟೂ ಹೋಗುತ್ತದೆ.

ಪೆಟ್ರೋಲ್ ಕಾಕಿನ ಜಾಲರಿ ತೊಳೆಯಿರಿ, ಗಡುಸಾದ ಹಳೆ ಪೈಪನ್ನು ಬದಲಿಸಿ, ನಡುವೆ ಒಂದು ಪಾರದರ್ಶಕ ಫಿಲ್ಟರ್ ಕೂರಿಸಿ. ಮುಚ್ಚಳದ ಗಾಳಿತೂತು ಕಟ್ಟಿಲ್ಲವೆಂದು ಬಾಯಲ್ಲಿ ಊದಿ ನೋಡಿ. ಅದು ಕಟ್ಟಿದ್ದರೆ ಒಂದೆರಡು ಕಿ.ಮೀ. ಹೋಗಿ ಗಾಡಿ ನಿಲ್ಲುತ್ತದೆ. ಮುಚ್ಚಳ ತೆಗೆದರೆ ಉಸ್ಸೆಂದು ಗಾಳಿ ಎಳೆದುಕೊಂಡು ಮತ್ತೆ ಓಡುತ್ತದೆ.

ಕಾರ್ಬೊರೇಟರ್: ಮುಕ್ಕಾಲು ಪಾಲು ರೋಗ ಇಲ್ಲೇ

ಆಕ್ಸಿಲರೇಟರ್ ಬಿಟ್ಟಾಗಿನ ಸ್ಲೋ ಸ್ಪೀಡಿಗೆ (ಐಡಲ್) ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ತೂತು ಸುಮಾರು 0.35ರಿಂದ 0.40 ಮಿ.ಮೀ., ಐದಾರು ತಲೆಗೂದಲನ್ನು ಒತ್ತಾಗಿ ಇಟ್ಟಷ್ಟು. ಆರಿದ ಪೆಟ್ರೋಲ್ ಬಿಟ್ಟುಹೋದ ಹಸಿರು ಮಿಶ್ರಿತ ಕಂದು ಅಂಟು ಅದನ್ನು ಪೂರ್ತಿ ಮುಚ್ಚಲು ಹೆಚ್ಚು ದಿನ ಬೇಡ. ಮೇಲಿನಿಂದ ಸ್ಪ್ರೇ ಹೊಡೆದರೆ ಇದು ಬಿಡುವುದಿಲ್ಲ, ಬಿಚ್ಚಲೇಬೇಕು.

1. ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರಿನ ತಳದ ಪೆಟ್ರೋಲ್ ಬಟ್ಟಲಿನ (ಫ್ಲೋಟ್ ಬೌಲ್) ಡ್ರೇನ್ ಸ್ಕ್ರೂ ಬಿಚ್ಚಿ ಬಸಿದು, ಕಾರ್ಬೊರೇಟರನ್ನು ಗಾಡಿಯಿಂದ ಇಳಿಸಿ. ಎಂಜಿನ್ನಿಗೆ ಸೇರಿಸುವ ರಬ್ಬರ್ ಮ್ಯಾನಿಫೋಲ್ಡನ್ನು ಬಗ್ಗಿಸಿ ನೋಡಿ. ಬಿರುಕಿದ್ದರೆ ಹೊಸದು ಬೇಕು, ಅಂಟು ಹಚ್ಚಿ ಸಾಗಹಾಕಿದರೆ ನಿಲ್ಲುವುದಿಲ್ಲ.

2. ಫ್ಲೋಟ್ ಬೌಲ್ ತೆಗೆಯಿರಿ. ಫ್ಲೋಟಿನ ಪಿನ್ನನ್ನು ಹೊರಡುವ ದಿಕ್ಕು ನೋಡಿಯೇ ತಳ್ಳಿ. ಪಿನ್ ಹಿಡಿಯುವ ಕಂಬಗಳು ಮುರಿದರೆ ಇಡೀ ಕಾರ್ಬೊರೇಟರ್ ಗುಜರಿಗೆ. ನೀಡಲಿನ ರಬ್ಬರ್ ತುದಿಯ ಸುತ್ತ ಉಂಗುರದಂಥ ಗೆರೆ ಬಿದ್ದಿದ್ದರೆ ಅದು ಪೆಟ್ರೋಲನ್ನು ತಡೆಯುವುದಿಲ್ಲ, ಬದಲಿಸಿ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ತೂತು ಬಿದ್ದಿದೆ.

3. ಸ್ಲೋ ಸ್ಪೀಡಿನ ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಬಿಚ್ಚುವ ಮೊದಲು ಒಳಕ್ಕೆ ತಿರುಗಿಸುತ್ತಾ ಸುತ್ತು ಎಣಿಸಿ. ಎರಡು ಬೆರಳಿನ ಜೋರಿನಲ್ಲಿ ತಳ ಮುಟ್ಟುವವರೆಗೆ ಮಾತ್ರ. ಬಿಗಿ ಮಾಡಿದರೆ ಮೊನೆ ಕೂರುವ ತೂತು ಅಗಲವಾಗಿ ಸ್ಲೋ ಸ್ಪೀಡ್ ಮತ್ತೆಂದೂ ನಿಲ್ಲದು. ಎಣಿಕೆ ಬರೆದುಕೊಳ್ಳಿ, ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಸುತ್ತು. ಅದರ ಹಿಂದೆ ಸ್ಪ್ರಿಂಗ್, ವಾಷರ್, ಸಣ್ಣ ಓ ರಿಂಗ್ ಇದೇ ಕ್ರಮದಲ್ಲಿ ಬರಬೇಕು. ಓ ರಿಂಗ್ ಒಳಗೇ ಅಂಟಿಕೊಂಡಿರುತ್ತದೆ, ತೆಗೆಯಲು ಮರೆಯುವುದು ಅದನ್ನೇ.

4. ಮೇನ್ ಜೆಟ್, ಪೈಲಟ್ ಜೆಟ್ ಬಿಚ್ಚಿ. ಹಿತ್ತಾಳೆ ಮೆತ್ತಗಿನ ಲೋಹ. ಜೆಟ್ಟಿನ ತಲೆಯ ಸೀಳಿನ ಅಗಲಕ್ಕೆ ಸರಿಯಾಗಿ ಕೂರುವ ಮೈನಸ್ ಡ್ರೈವರೇ ಬೇಕು.

5. ಡಯಾಫ್ರಮ್ ಇರುವ ಸಿವಿ ಕಾರ್ಬೊರೇಟರಾದರೆ ಮೇಲಿನ ಮುಚ್ಚಳ ಬಿಚ್ಚಿ ರಬ್ಬರ್ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿ ತೂತೊಂದು ಕಂಡರೂ ಪಿಕಪ್ ಸತ್ತಿರುತ್ತದೆ. ಇದಕ್ಕೂ ಓ ರಿಂಗುಗಳಿಗೂ ಕಾರ್ಬ್ ಕ್ಲೀನರ್ ಸೋಕಿಸಬೇಡಿ. ಉಬ್ಬಿ ದೊಡ್ಡದಾಗಿ ತನ್ನ ಜಾಗದಲ್ಲಿ ಕೂರುವುದೇ ಇಲ್ಲ.

6. ರಬ್ಬರೆಲ್ಲ ಹೊರಬಂದ ಮೇಲೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಪ್ರತಿ ತೂತಿಗೂ ಕ್ಲೀನರಿನ ಕೊಳವೆ ಇಟ್ಟು ಹೊಡೆಯಿರಿ. ಹೊಡೆದದ್ದು ಎಲ್ಲೋ ಹೊರಬರಲೇಬೇಕು. ಪೈಲಟ್ ಜೆಟ್ ಕೂರುವ ಗುಂಡಿಗೆ ಹೊಡೆದರೆ ಥ್ರಾಟಲಿನ ಹತ್ತಿರದ ಎರಡು ಮೂರು ಪುಟ್ಟ ತೂತುಗಳಿಂದಲೂ ಮಿಕ್ಸ್ಚರ್ ಸ್ಕ್ರೂವಿನ ತೂತಿನಿಂದಲೂ ಚಿಮ್ಮಬೇಕು. ಒಂದರಿಂದ ಬರದಿದ್ದರೆ ಉಳಿದದ್ದನ್ನು ಬೆರಳಿನಿಂದ ಮುಚ್ಚಿ ಮತ್ತೆ ಹೊಡೆಯಿರಿ, ಅರ್ಧ ಗಂಟೆ ನೆನೆಯಲು ಬಿಟ್ಟು ಗಾಳಿ ಊದಿ.

7. ಜೆಟ್ಟನ್ನು ದೀಪದ ಕಡೆ ಹಿಡಿದರೆ ದುಂಡಗಿನ ಬೆಳಕು ಕಾಣಬೇಕು. ಕಾಣದಿದ್ದರೆ ಬಗ್ಗುವ ವಿದ್ಯುತ್ ವೈರಿನಿಂದ ಒಂದೇ ಎಳೆ ತಾಮ್ರ ಬಿಡಿಸಿಕೊಳ್ಳಿ, ಅದು ಸುಮಾರು 0.2 ಮಿ.ಮೀ. ದಪ್ಪ. ಉಕ್ಕಿನ ಸೂಜಿ, ಪಿನ್ನು ಬೇಡ. ತೂತು ಒಂದು ಗೀರು ಅಗಲವಾದರೂ ಪೆಟ್ರೋಲಿನ ಅಳತೆ ತಪ್ಪುತ್ತದೆ.

ಜೋಡಿಸುವಾಗ ಫ್ಲೋಟಿನ ಎತ್ತರ ನೋಡಬೇಕು. ಕಾರ್ಬೊರೇಟರನ್ನು ಓರೆಯಾಗಿ ಹಿಡಿದು, ಫ್ಲೋಟಿನ ನಾಲಿಗೆ ನೀಡಲಿಗೆ ತಾಗಿ ಅದರ ಪುಟ್ಟ ಸ್ಪ್ರಿಂಗ್ ಒತ್ತಿಕೊಳ್ಳದ ಸ್ಥಿತಿಯಲ್ಲಿ ಅಳೆದು ಮ್ಯಾನ್ಯುಯಲ್ಲಿನ ಅಂಕಿಗೆ ತಾಳೆ ನೋಡಿ. ತಲೆಕೆಳಗೆ ಮಾಡಿ ಅಳೆದರೆ ಫ್ಲೋಟಿನ ಭಾರಕ್ಕೆ ಸ್ಪ್ರಿಂಗ್ ಕುಗ್ಗಿ ಲೆಕ್ಕ ತಪ್ಪುತ್ತದೆ. ಗಾಡಿಗೆ ಏರಿಸುವ ಮೊದಲು ಸಣ್ಣ ಬಾಟಲಿಯಿಂದ ಪೆಟ್ರೋಲ್ ಬಿಟ್ಟು ಹತ್ತು ನಿಮಿಷ ಕಾಯಿರಿ. ಓವರ್‌ಫ್ಲೋ ಪೈಪಿನಿಂದ ಒಂದು ಹನಿಯೂ ಬೀಳಬಾರದು.

ಕಿಡಿ, ಬ್ಯಾಟರಿ, ವಾಲ್ವ್

ಪ್ಲಗ್ ಅಗ್ಗದ ಸಾಮಾನು, ಹೊಸದನ್ನೇ ಹಾಕಿ. ಅಂತರ ಹೆಚ್ಚಿನ ಗಾಡಿಗಳಲ್ಲಿ 0.6ರಿಂದ 0.8 ಮಿ.ಮೀ. ಒಳಗೆ ಇರುತ್ತದೆ. ಕೈಯಿಂದ ತಿರುಗಿಸಿ ವಾಷರ್ ಕೂತ ಮೇಲೆ, ಹೊಸ ಪ್ಲಗ್ಗಿಗೆ ಸ್ಪ್ಯಾನರಿನಿಂದ ಅರ್ಧ ಸುತ್ತು. ಹಳೆಯದನ್ನೇ ಮತ್ತೆ ಹಾಕುವುದಾದರೆ ಹನ್ನೆರಡನೇ ಒಂದು ಸುತ್ತು ಸಾಕು, ಅದರ ವಾಷರ್ ಮೊದಲೇ ಚಪ್ಪಟೆಯಾಗಿರುತ್ತದೆ.

ಕಿಡಿ ನೋಡುವಾಗ ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ಒತ್ತಿ ಕೂತಿರಲಿ, ಪ್ಲಗ್ ತೂತಿನಿಂದ ದೂರವಿರಲಿ. ತೂತಿನಿಂದ ಬರುವ ಆವಿಗೆ ಅದೇ ಕಿಡಿ ಬೆಂಕಿ ಹಚ್ಚಬಲ್ಲದು. ಕ್ಯಾಪನ್ನು ಗಾಳಿಯಲ್ಲಿ ನೇತುಬಿಟ್ಟು ಕಿಕ್ ಹೊಡೆದರೆ ಕರೆಂಟಿಗೆ ಹೋಗಲು ದಾರಿಯಿಲ್ಲದೆ ಕಾಯಿಲ್, ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಡಬ್ಬಿಯಾದ ಸಿಡಿಐ ಹಾಳಾಗಬಹುದು. ಕಿಡಿಯೇ ಇಲ್ಲವೆಂದರೆ ಸಿಡಿಐ ಕೊಳ್ಳಲು ಓಡಬೇಡಿ. ಮೊದಲ ಕಳ್ಳ ಹ್ಯಾಂಡಲ್ ಮೇಲಿನ, ಎಂಜಿನ್ ಆರಿಸುವ ಕಿಲ್ ಸ್ವಿಚ್. ಅದರ ಒಳಗಿನ ತಾಮ್ರ ಕಪ್ಪುಗಟ್ಟಿರುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ಆಚೀಚೆ ಮಾಡಿದರೆ ಎಷ್ಟೋ ಸಲ ಕಿಡಿ ಬಂದುಬಿಡುತ್ತದೆ. ಆಮೇಲೆ ಸೈಡ್ ಸ್ಟ್ಯಾಂಡಿನ ಸ್ವಿಚ್, ಪ್ಲಗ್ ಕ್ಯಾಪ್, ಅರ್ತ್ ವೈರ್.

12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿದ್ದಾಗ 12.6 ವೋಲ್ಟಿನ ಮೇಲಿರಬೇಕು. ಚಾರ್ಜ್ ಮಾಡಿದ ಮೇಲೂ 10.5ರ ಹತ್ತಿರ ನಿಂತರೆ ಒಂದು ಸೆಲ್ ಸತ್ತಿದೆ. ಚಾರ್ಜಿಂಗ್ ಕರೆಂಟ್ ಸಾಮರ್ಥ್ಯದ ಹತ್ತನೇ ಒಂದು ಪಾಲು, ಅಂದರೆ 5 ಆಂಪಿಯರ್ ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು.

ವಾಲ್ವಿನ ಸಡಿಲವನ್ನು ಎಂಜಿನ್ ತಣ್ಣಗಿರುವಾಗಲೇ ನೋಡಿ. ಎಂಜಿನ್ನಿನ ಪಕ್ಕದ ಕವರಿನೊಳಗೆ ತಿರುಗುವ ಮ್ಯಾಗ್ನೆಟ್ಟಿನ ಮೇಲಿನ ಟಿ ಗುರುತು ಆ ಕವರಿನ ಕಿಂಡಿಯ ಗುರುತಿಗೆ ಕೂಡಬೇಕು, ಆಗ ವಾಲ್ವುಗಳನ್ನು ಒತ್ತುವ ಎರಡೂ ರಾಕರುಗಳು ತುಸು ಆಡಬೇಕು. ಆಡದಿದ್ದರೆ ಇನ್ನೊಂದು ಸುತ್ತು ತಿರುಗಿಸಿ. ಅಳತೆ ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಫೀಲರ್ ಗೇಜಿನ ಹಾಳೆ ಸ್ವಲ್ಪ ಎಳೆತದೊಂದಿಗೆ ಸರಿಯಬೇಕು. ಬಿಗಿಯಾದ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರಿಸುತ್ತದೆ. ಟಿಕ್ ಟಿಕ್ ಸದ್ದು ಮಾಡುವ ವಾಲ್ವಿಗಿಂತ ಸದ್ದೇ ಮಾಡದ ಈ ಬಿಗಿ ವಾಲ್ವೇ ಅಪಾಯ.

ಈಗ ಕಿಕ್

ನ್ಯೂಟ್ರಲ್ಲಿನಲ್ಲಿಟ್ಟು, ಕೀ ಆಫ್ ಮಾಡಿ, ಹತ್ತು ಹದಿನೈದು ಸಲ ನಿಧಾನ ಕಿಕ್ ಒತ್ತಿ. ಮೇಲಿನವರೆಗೆ ಆಯಿಲ್ ಏರಲಿ. ಆಮೇಲೆ ಅರ್ಧ ಲೀಟರ್ ಹೊಸ ಪೆಟ್ರೋಲ್, ಚೋಕ್ ಪೂರ್ತಿ, ಆಕ್ಸಿಲರೇಟರ್ ಮುಟ್ಟದೆ ಕಿಕ್ ಹೊಡೆಯಿರಿ. ಶುರುವಾದರೆ ಸಿಲಿಂಡರಿಗೆ ಬಿಟ್ಟ ಎಣ್ಣೆ ಸುಟ್ಟು ದಟ್ಟ ಹೊಗೆ ಬರುತ್ತದೆ. ಕೆಲವು ನಿಮಿಷದಲ್ಲಿ ತಿಳಿಯಾಗಬೇಕು. ಐದು ನಿಮಿಷ ಓಡಿಸಿ, ನಿಲ್ಲಿಸಿ, ಎಲ್ಲಾದರೂ ಸೋರಿದೆಯೇ ಎಂದು ನೋಡಿ ಮತ್ತೆ ಓಡಿಸಿ.

ಚೋಕ್ ಒಳಗೆ ತಳ್ಳಿದ ಕೂಡಲೇ ಆಫಾಗುತ್ತಿದ್ದರೆ ಪೈಲಟ್ ಜೆಟ್ ಇನ್ನೂ ಕಟ್ಟಿರುವ ಸಾಧ್ಯತೆಯೇ ಹೆಚ್ಚು, ಮೊದಲು ಅಲ್ಲೇ ನೋಡಿ. ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯದೆ ನೇತಾಡುತ್ತಿದ್ದರೆ ಎಲ್ಲೋ ಕಳ್ಳಗಾಳಿ ಎಳೆಯುತ್ತಿದೆ. ರಬ್ಬರ್ ಮ್ಯಾನಿಫೋಲ್ಡಿನ ಸುತ್ತ ನೀರು ಸಿಂಪಡಿಸಿದಾಗ ಸದ್ದು ಬದಲಾದರೆ ಅದೇ ಜಾಗ. ಕೆಳಗೆ ಚೆನ್ನಾಗಿದ್ದು ಜೋರಿನಲ್ಲಿ ಉಸಿರು ಕಟ್ಟಿದರೆ ಮೇನ್ ಜೆಟ್, ಇಲ್ಲವೇ ಪೆಟ್ರೋಲ್ ಸಾಕಷ್ಟು ಇಳಿಯುತ್ತಿಲ್ಲ. ಪ್ಲಗ್ ಒಣ ಮಸಿ ಹಿಡಿದರೆ ಪೆಟ್ರೋಲ್ ಹೆಚ್ಚು, ಒದ್ದೆ ಕಪ್ಪಾದರೆ ಎಣ್ಣೆ, ಸುಣ್ಣದ ಬಿಳುಪಾದರೆ ಪೆಟ್ರೋಲ್ ಕಮ್ಮಿ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ಲೋ ಸ್ಪೀಡ್ ಹೊಂದಿಸಿ. ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ಸದ್ದು ಅತಿ ಹೆಚ್ಚು ಏರುವ ಜಾಗ ಹುಡುಕಿ, ಆಮೇಲೆ ಐಡಲ್ ಸ್ಕ್ರೂವಿನಿಂದ 1300-1500 ಆರ್‌ಪಿಎಂಗೆ ಇಳಿಸಿ. ಮಿಕ್ಸ್ಚರ್ ಸ್ಕ್ರೂ ಕಾರ್ಬೊರೇಟರಿನಲ್ಲಿ ಎಂಜಿನ್ನಿನ ಕಡೆಗಿದ್ದರೆ ಹೊರಕ್ಕೆ ತಿರುಗಿಸಿದಷ್ಟೂ ಪೆಟ್ರೋಲ್ ಹೆಚ್ಚುತ್ತದೆ. ಏರ್ ಫಿಲ್ಟರಿನ ಕಡೆಗಿದ್ದರೆ ಗಾಳಿ ಹೆಚ್ಚುತ್ತದೆ. ರೇಸ್ ಸ್ವಲ್ಪ ಏರಿಸಿ ಬ್ಯಾಟರಿಗೆ ಮೀಟರ್ ಹಿಡಿದರೆ 13.5ರಿಂದ 14.5 ವೋಲ್ಟ್ ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ.

ರಸ್ತೆಗೆ ಇಳಿಸುವ ಮೊದಲು

ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿರುವುದು ಸಾಮಾನ್ಯ. ಎಂಜಿನ್ ಆಫ್ ಇರುವಾಗ ಎರಡನೇ ಗೇರಿಗೆ ಹಾಕಿ, ಲಿವರ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತಳ್ಳಿ. ಬಿಡದಿದ್ದರೆ ಲಿವರನ್ನು ಹ್ಯಾಂಡಲಿಗೆ ಕಟ್ಟಿ ರಾತ್ರಿಯಿಡೀ ಬಿಡಿ.

ಟೈರಿನ ಪಕ್ಕದಲ್ಲಿ ಡಾಟ್ ಗುರುತಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ. ಬಟನ್ ಎಷ್ಟೇ ಉಳಿದಿರಲಿ, ಪಕ್ಕದ ಗೋಡೆ ಸೀಳಿದ್ದರೆ ಟೈರ್ ಹೊಸದೇ ಬೇಕು. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಾಕಿ. ನಡುಮಧ್ಯದಲ್ಲಿ ಮೇಲೆ ಕೆಳಗೆ 20-30 ಮಿ.ಮೀ. ಆಡಬೇಕು. ಚಕ್ರ ತಿರುಗಿಸುತ್ತಾ ಮೂರು ನಾಲ್ಕು ಕಡೆ ಅಳೆದು ಅತಿ ಬಿಗಿಯಾದ ಜಾಗಕ್ಕೆ ಈ ಲೆಕ್ಕ ಇಡಿ.

ಡಿಸ್ಕ್ ಬ್ರೇಕಿನ ಎಣ್ಣೆ ತೇವ ಹೀರುತ್ತದೆ, ನಿಂತ ಗಾಡಿಯಲ್ಲಿ ಅದನ್ನು ಬದಲಿಸದೆ ಬಿಡುವಂತಿಲ್ಲ. ಮುಚ್ಚಳದ ಮೇಲೆ ಬರೆದ ದರ್ಜೆಯದನ್ನೇ, ಡಾಟ್ 3 ಅಥವಾ 4, ಸೀಲ್ ಒಡೆಯದ ಡಬ್ಬಿಯಿಂದ ಹಾಕಿ. ಡಾಟ್ 5 ಸಿಲಿಕೋನಿನದು, ಇವುಗಳ ಜೊತೆ ಬೆರೆಯುವುದಿಲ್ಲ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಪಿಸ್ಟನ್ ಸರಾಗವಾಗಿ ಸರಿಯದಿದ್ದರೆ ಬಿಚ್ಚಿ ಹೊಸ ಸೀಲ್ ಹಾಕಿ. ಅದಕ್ಕೆ ಮಾಮೂಲು ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಬ್ರೇಕ್ ಹಿಡಿದುಕೊಳ್ಳುತ್ತದೆ. ಗಾಳಿ ತೆಗೆಯಲು ಕ್ಯಾಲಿಪರಿನ ಬ್ಲೀಡರಿಗೆ (ಗಾಳಿ ಬಿಡುವ ಸ್ಕ್ರೂ) ಪಾರದರ್ಶಕ ಪೈಪ್ ಸಿಕ್ಕಿಸಿ ತುದಿಯನ್ನು ಬ್ರೇಕ್ ಎಣ್ಣೆಯಿರುವ ಬಾಟಲಿಯಲ್ಲಿ ಮುಳುಗಿಸಿ. ಲಿವರ್ ಒತ್ತಿ ಹಿಡಿಯಿರಿ, ಬ್ಲೀಡರ್ ಕಾಲು ಸುತ್ತು ಬಿಡಿ, ಮುಚ್ಚಿ, ಆಮೇಲೆಯೇ ಲಿವರ್ ಬಿಡಿ. ಗುಳ್ಳೆ ನಿಲ್ಲುವವರೆಗೆ ಇದೇ. ಮೇಲಿನ ಬಟ್ಟಲು ಒಮ್ಮೆ ಖಾಲಿಯಾದರೆ ಗಾಳಿ ಹೊಕ್ಕು ಮತ್ತೆ ಮೊದಲಿನಿಂದ. ಚೆಲ್ಲಿದ ಎಣ್ಣೆ ಪೇಂಟ್ ತಿನ್ನುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ.

ಲಿವರ್ ಗಟ್ಟಿಯಾಗಿ ನಿಂತ ಮೇಲೆ ಎಂಜಿನ್ ಆಫ್ ಮಾಡಿ, ಗಾಡಿಯನ್ನು ತಳ್ಳಿಕೊಂಡೇ ಹೋಗಿ ಮುಂದಿನ ಬ್ರೇಕು, ಹಿಂದಿನ ಬ್ರೇಕು ಬೇರೆ ಬೇರೆ ಹಿಡಿದು ನೋಡಿ. ಬಿಟ್ಟಾಗ ಚಕ್ರ ಸರಾಗ ಉರುಳಬೇಕು. ಆಮೇಲೆ ನಡಿಗೆಯ ವೇಗದಲ್ಲಿ ಹತ್ತು ಹನ್ನೆರಡು ಸಲ ಬ್ರೇಕ್ ಹಾಕಿ ಡಿಸ್ಕಿನ ತುಕ್ಕು ಸವೆದು ಹೊಳಪು ಬಂದ ಮೇಲೆ ಗೇರ್ ಏರಿಸಿ.